ಉಸಿರು ನಿಂತವರ ಬಳಿ ಹೋಗುವ ಮುನ್ನ, ಹೋದ ಮೇಲೆ: ಸಿಪಿಆರ್‌ನ ಹಂತಗಳು

ಮುಂಬಯಿಯ ಕನ್ನಡಿಗರ ಸಂಘಗಳ ಸಭಾಗೃಹಗಳಲ್ಲಿ, ಹೋಟೆಲ್ ಕಾರ್ಮಿಕರ ವಸತಿಗಳಲ್ಲಿ, ಹೌಸಿಂಗ್ ಸೊಸೈಟಿಗಳ ಪಾರ್ಕಿಂಗ್ ಜಾಗದಲ್ಲಿ ರಬ್ಬರ್ ಗೊಂಬೆಯನ್ನು ನೆಲದ ಮೇಲೆ ಮಲಗಿಸಿ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವ ವಿಧಾನ) ಕಲಿಸುತ್ತ ಬಂದ ನನಗೆ ಒಂದೇ ಬಗೆಯ ತಪ್ಪು ಪ್ರತಿ ತರಬೇತಿಯಲ್ಲೂ ಎದುರಾಗುತ್ತದೆ. ಎದೆ ಒತ್ತುವ ವಿಧಾನವನ್ನು ಬಹುತೇಕರು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಆದರೆ "ಇವರು ಬಾತ್‌ರೂಮಿನಲ್ಲಿ ಬಿದ್ದಿದ್ದಾರೆ, ಒಳಗೆ ಗ್ಯಾಸ್ ಗೀಜರ್ ಉರಿಯುತ್ತಿದೆ" ಎಂದು ಸನ್ನಿವೇಶವನ್ನು ಹೇಳಿದೊಡನೆ ಅದೇ ಜನರು ನೇರವಾಗಿ ಒಳಗೆ ನುಗ್ಗುತ್ತಾರೆ. ನುಗ್ಗಿದ ಮೇಲೆ ಗೊಂಬೆಯ ಪಕ್ಕದಲ್ಲಿ ಕುಳಿತು ನಾಡಿ ಹುಡುಕುತ್ತ, ಮುಖಕ್ಕೆ ನೀರು ಚಿಮುಕಿಸುತ್ತ, ಅಂಗಾಲು ಉಜ್ಜುತ್ತ, ಯಾರಿಗೆ ಫೋನ್ ಮಾಡುವುದೆಂದು ಚರ್ಚಿಸುತ್ತ ಎರಡು ಮೂರು ನಿಮಿಷ ಕಳೆಯುತ್ತಾರೆ. ನಿಂತು ನೋಡಬೇಕಾದ ಬಾಗಿಲಲ್ಲಿ ಆತುರ, ಆತುರಪಡಬೇಕಾದ ಎದೆಯ ಬಳಿ ತಡ: ಈ ಎರಡನ್ನೂ ಸರಿಪಡಿಸುವ ಸಲುವಾಗಿ ಕೆಳಗಿನ ಕ್ರಮವನ್ನು ಬರೆದಿದ್ದೇನೆ.

ಹೃದಯ ನಿಂತ ಮೇಲೆ ಎದೆ ಒತ್ತದೆ, ವಿದ್ಯುತ್ ಆಘಾತವನ್ನೂ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಸುಮಾರು ಶೇಕಡಾ 7ರಿಂದ 10ರಷ್ಟು ಕಡಿಮೆಯಾಗುತ್ತದೆ. ಸಂಜೆಯ ಟ್ರಾಫಿಕ್‌ನಲ್ಲಿ ಆಂಬ್ಯುಲೆನ್ಸ್ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದನ್ನು ಮುಂಬಯಿ, ಪುಣೆಗಳಲ್ಲಿ ಇರುವವರಿಗೆ ವಿವರಿಸಬೇಕಿಲ್ಲ. ಆ ಅಂತರವನ್ನು ತುಂಬುವವರು ಪಕ್ಕದಲ್ಲಿರುವವರೇ.

ಮೊದಲೇ ಸಿದ್ಧವಿರಬೇಕಾದ ವಸ್ತುಗಳು

ಸಿಪಿಆರ್‌ಗೆ ಎರಡು ಕೈ ಮತ್ತು ಗಟ್ಟಿ ನೆಲ ಸಾಕು. ಆದರೂ ಸೊಸೈಟಿಯ ವಾಚ್‌ಮನ್ ಕೋಣೆಯಲ್ಲಿ ಅಥವಾ ಹೋಟೆಲಿನ ಗಲ್ಲೆಯ ಕೆಳಗೆ ಒಂದು ಚೀಲದಲ್ಲಿ ರಬ್ಬರ್ ಕೈಗವಸು, ಬಾಯಿಗೆ ಇಟ್ಟು ಉಸಿರು ಕೊಡುವ ಕವಾಟವಿರುವ ಮಾಸ್ಕ್, ಬಟ್ಟೆ ಕತ್ತರಿಸುವ ಕತ್ತರಿ, ಒಣ ಟವೆಲ್, ರೇಜರ್, ಟಾರ್ಚ್, ಹದಿನೈದು ಇಪ್ಪತ್ತು ಮೀಟರ್ ಗಟ್ಟಿ ಹಗ್ಗ ಇರಲಿ. ಕಟ್ಟಡದ ಮೇನ್ ಸ್ವಿಚ್ ಎಲ್ಲಿದೆ, ಗ್ಯಾಸ್ ಪೈಪಿನ ವಾಲ್ವ್ ಯಾವುದು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಹತ್ತಿರದಲ್ಲಿ ಎಲ್ಲಿದೆ ಎಂಬ ಮೂರು ಸಂಗತಿಗಳನ್ನು ಕನಿಷ್ಠ ಇಬ್ಬರು ತಿಳಿದಿರಬೇಕು. ವಸ್ತುಗಳಿಗಿಂತ ಈ ತಿಳಿವಳಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 1: ಹೊಸ್ತಿಲಲ್ಲಿ ನಿಲ್ಲಿ

ಬಿದ್ದವರು ಕಂಡೊಡನೆ ಐದು ಸೆಕೆಂಡು ನಿಂತು, "ಇವರನ್ನು ಬೀಳಿಸಿದ್ದು ಇನ್ನೂ ಇಲ್ಲೇ ಇದೆಯೆ?" ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಿ. ಹೃದಯದ ಕಾಯಿಲೆಯಿಂದ ಬಿದ್ದವರ ಸುತ್ತ ಸಾಮಾನ್ಯವಾಗಿ ಅಪಾಯವೇನೂ ಇರುವುದಿಲ್ಲ. ವಿದ್ಯುತ್, ಅನಿಲ, ನೀರು, ವಿಷ, ವಾಹನ ಇವುಗಳಿಂದ ಬಿದ್ದಿದ್ದರೆ ಅದೇ ಕಾರಣ ನಿಮಗಾಗಿಯೂ ಕಾದಿರುತ್ತದೆ.

ವಿದ್ಯುತ್. ಮಳೆಗಾಲದಲ್ಲಿ ಚಾಳಿನ ಕಬ್ಬಿಣದ ಮೆಟ್ಟಿಲು, ನೀರಿನ ಪಂಪಿನ ಸ್ವಿಚ್, ಗಣಪತಿ ಮಂಟಪದ ದೀಪದ ತಂತಿ, ನೀರು ನಿಂತ ರಸ್ತೆಯ ದೀಪದ ಕಂಬ, ಇವು ಶಾಕ್ ಹೊಡೆಯುವ ಜಾಗಗಳು. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ತಪ್ಪು ತಂತಿಗೆ ಜೋಡಿಸಿದ್ದರೆ, ಆರಿಸಿದ ಮೇಲೂ ಉಪಕರಣದಲ್ಲಿ ವಿದ್ಯುತ್ ಉಳಿದಿರುತ್ತದೆ. ಮೇನ್ ಸ್ವಿಚ್ ಅನ್ನೇ ಕೆಳಗಿಳಿಸಬೇಕು. ಅದು ಸಿಗದಿದ್ದರೆ, ಮನೆಯ 230 ವೋಲ್ಟ್ ಪೂರೈಕೆಯ ಮಟ್ಟಿಗೆ, ಒಣಗಿದ ಮರದ ಮಣೆ ಅಥವಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಒಣ ಕೋಲಿನಿಂದ ತಂತಿಯನ್ನು ದೂರ ತಳ್ಳಬಹುದು. ನಿಂತ ನೀರಿನೊಳಗೆ ಕಾಲಿಡುವ ಹಾಗಿಲ್ಲ. ಇನ್ನೊಂದು ಕಡೆ ಅತಿಯಾದ ಭಯವೂ ಜೀವ ತೆಗೆಯುತ್ತದೆ: ತಂತಿಯಿಂದ ಬಿಡಿಸಿದ ಮೇಲೆ ಮನುಷ್ಯನ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಆದ್ದರಿಂದ ತಡಮಾಡದೆ ಮುಟ್ಟಿ ಎದೆ ಒತ್ತಲು ತೊಡಗಬಹುದು.

ಹೈಟೆನ್ಷನ್ ತಂತಿಯ ಮಾತು ಬೇರೆ. ಲೋಕಲ್ ರೈಲಿನ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಅದನ್ನು ಮುಟ್ಟಬೇಕಾಗಿಲ್ಲ, ಸಮೀಪಕ್ಕೆ ಹೋದರೂ ಸಾಕು, ಗಾಳಿಯ ಮೂಲಕವೇ ಹಾರಿ ಬರುತ್ತದೆ. ಒಣ ಕೋಲು, ರಬ್ಬರ್ ಚಪ್ಪಲಿಗಳ ರಕ್ಷಣೆ ಇಲ್ಲಿ ನಡೆಯುವುದಿಲ್ಲ. ಸ್ಟೇಷನ್ ಮಾಸ್ಟರಿಗೆ ತಿಳಿಸಿ, ವಿದ್ಯುತ್ ಕಡಿತವಾಗಿದೆ ಎಂದು ಅವರು ಹೇಳುವವರೆಗೆ ಕಾಯಿರಿ. ರಸ್ತೆಯ ಮೇಲೆ ಬಿದ್ದ ಹೈಟೆನ್ಷನ್ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿದ್ದು, ವಿದ್ಯುತ್ ಸಂಸ್ಥೆಗೆ ಫೋನ್ ಮಾಡಿ.

ಅನಿಲ. ನೆರವಿಗೆ ಹೋದವರು ಸಾಲಾಗಿ ಸಾಯುವುದು ಇಲ್ಲಿ. ಸೆಪ್ಟಿಕ್ ಟ್ಯಾಂಕ್, ಗಟಾರದ ಮ್ಯಾನ್‌ಹೋಲ್, ಬಹಳ ದಿನ ಮುಚ್ಚಿಟ್ಟ ನೆಲದಡಿಯ ನೀರಿನ ಟ್ಯಾಂಕ್, ಹಾಳು ಬಾವಿ, ಇವುಗಳಲ್ಲಿ ಒಬ್ಬರು ಕುಸಿದರೆ ಎರಡನೆಯವರು ಕೈಹಿಡಿದು ಎತ್ತಲು ಇಳಿಯುತ್ತಾರೆ, ಮೂರನೆಯವರು ಆ ಇಬ್ಬರಿಗಾಗಿ ಇಳಿಯುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆ, ಗೋವೆಗಳ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಅಣ್ಣ ತಮ್ಮಂದಿರು, ಮಾವ ಅಳಿಯಂದಿರು ಒಂದೇ ಗುಂಪಿನಲ್ಲಿ ದುಡಿಯುವುದು ವಾಡಿಕೆಯಾದ್ದರಿಂದ, "ನಮ್ಮವ ಒಳಗಿದ್ದಾನೆ" ಎಂಬ ಕೂಗಿನ ಮುಂದೆ ಯಾವ ಎಚ್ಚರಿಕೆಯ ಮಾತೂ ನಿಲ್ಲುವುದಿಲ್ಲ. ಅದಕ್ಕಾಗಿ ಕೆಲಸ ಶುರುವಾಗುವ ಮೊದಲೇ, ಯಾರು ಕುಸಿದರೂ ಯಾರೂ ಇಳಿಯಬಾರದು ಎಂದು ಗುಂಪಿನಲ್ಲಿ ಮಾತಾಗಿರಬೇಕು. ರಕ್ಷಣಾ ಸಾಧನವಿಲ್ಲದೆ ಗಟಾರಕ್ಕೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೇಸ್ತ್ರಿ ಒತ್ತಾಯ ಮಾಡಿದರೆ ನಿರಾಕರಿಸುವ ಹಕ್ಕು ಕಾರ್ಮಿಕನಿಗಿದೆ.

ಗಟಾರದ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ, ಆದರೆ ಪ್ರಮಾಣ ಹೆಚ್ಚಾದಾಗ ಅದು ಮೂಗಿನ ವಾಸನಾ ಶಕ್ತಿಯನ್ನೇ ಕುಂದಿಸುತ್ತದೆ. ಹಾಗಾಗಿ "ಈಗ ವಾಸನೆ ಹೋಯಿತು" ಎನ್ನುವುದು ಧೈರ್ಯ ತರಬೇಕಾದ ಸೂಚನೆಯಲ್ಲ, ಅಪಾಯದ ಸೂಚನೆ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಯಾವ ಅನಿಲವನ್ನೂ ತಡೆಯುವುದಿಲ್ಲ. 101ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಿ. ಒಳಗಿನವರಿಗೆ ಎಚ್ಚರವಿದ್ದರೆ ಮೇಲಿಂದ ಹಗ್ಗ ಬಿಡಿ. ಎದೆ ಒತ್ತುವುದೇನಿದ್ದರೂ ಅವರನ್ನು ಹೊರಗೆ, ಗಾಳಿಯಾಡುವಲ್ಲಿಗೆ ತಂದ ಮೇಲೆ.

ಚಿಕ್ಕ ಬಾತ್‌ರೂಮಿನ ಗ್ಯಾಸ್ ಗೀಜರ್ ಉಗುಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಒಡೆಯಬೇಕಾಗಿ ಬಂದರೆ ಒಬ್ಬರು ಗ್ಯಾಸ್ ವಾಲ್ವ್ ಮುಚ್ಚಲಿ, ಇನ್ನೊಬ್ಬರು ಮನೆಯ ಎಲ್ಲ ಕಿಟಕಿ ತೆರೆಯಲಿ. ಒಳಗೆ ಹೋಗುವವರು ಹೊರಗೇ ದೀರ್ಘವಾಗಿ ಉಸಿರೆಳೆದುಕೊಂಡು ಹೋಗಿ, ಬಿದ್ದವರನ್ನು ಕಂಕುಳಲ್ಲಿ ಹಿಡಿದು ಎಳೆದು ತರಬೇಕು; ಅಲ್ಲೇ ಕುಳಿತು ಪರೀಕ್ಷಿಸಬಾರದು.

ನೀರು. ಗೋವೆಯ ಕಡಲತೀರಗಳಲ್ಲಿ, ಲೋಣಾವಳದ ಭೂಶಿ ಅಣೆಕಟ್ಟಿನಲ್ಲಿ, ಪುಣೆಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮುಳುಗುವವರನ್ನು ಹಿಡಿಯಲು ಧುಮುಕಿದವರು ತಾವೇ ಮುಳುಗುವುದು ಹೊಸ ಸುದ್ದಿಯಲ್ಲ. ಮುಳುಗುತ್ತಿರುವ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿದು ಮೇಲೇರಲು ನೋಡುತ್ತಾನೆ. ಆಗ ಆ ಹಿಡಿತಕ್ಕೆ ಸಿಗುವುದು ನಿಮ್ಮ ಕುತ್ತಿಗೆ. ದಡದಿಂದಲೇ ಕೋಲು, ಕಟ್ಟಿ ಜೋಡಿಸಿದ ದುಪಟ್ಟಾ ಅಥವಾ ಸೀರೆ ಚಾಚಿ. ಅದು ಎಟುಕದಿದ್ದರೆ ತೇಲುವುದನ್ನು ಎಸೆಯಿರಿ: ಮುಚ್ಚಳ ಬಿಗಿಮಾಡಿದ ಖಾಲಿ 20 ಲೀಟರ್ ನೀರಿನ ಕ್ಯಾನ್ ಒಬ್ಬ ವಯಸ್ಕನನ್ನು ತೇಲಿಸಿಡಬಲ್ಲದು. ಗೋವೆಯ ಪ್ರಮುಖ ತೀರಗಳಲ್ಲಿ ಜೀವರಕ್ಷಕರು ಇರುತ್ತಾರೆ. ಕೆಂಪು ಬಾವುಟ ನೀರಿಗಿಳಿಯಬಾರದೆಂದೂ, ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಅವರ ಕಾವಲಿನಲ್ಲಿದೆಯೆಂದೂ ತಿಳಿಸುತ್ತದೆ. ಒಳಕ್ಕೆ ಎಳೆಯುವ ಪ್ರವಾಹಕ್ಕೆ ನೀವೇ ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ಸುಸ್ತಾಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ.

ವಿಷ. ಕೀಟನಾಶಕ ಕುಡಿದವರ ವಾಂತಿ, ಬಟ್ಟೆ, ಚರ್ಮ ಎಲ್ಲದರಲ್ಲೂ ವಿಷವಿರುತ್ತದೆ. ಧಾನ್ಯಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ನುಂಗಿದವರ ಹೊಟ್ಟೆಯಿಂದ ಫಾಸ್ಫೀನ್ ಅನಿಲ ಹೊರಬರುತ್ತದೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಕಿಟಕಿ ಬಾಗಿಲು ತೆರೆದು, ಸಾಧ್ಯವಾದರೆ ಅವರನ್ನು ಬಯಲಿಗೆ ತನ್ನಿ. ಕೈಗವಸು ಹಾಕಿ ಎದೆ ಒತ್ತಬಹುದು, ಬಾಯಿಗೆ ಬಾಯಿ ಇಡುವಂತಿಲ್ಲ.

ರಸ್ತೆ ಮತ್ತು ಹಳಿ. ಹೆದ್ದಾರಿಯಲ್ಲಿ ನಿಮ್ಮ ವಾಹನದ ಅಪಾಯದ ದೀಪ ಹಾಕಿ, ಹಿಂದಿನಿಂದ ಬರುವವರಿಗೆ ಸೂಚನೆ ಕೊಡಲು ದೂರದಲ್ಲಿ ಒಬ್ಬರನ್ನು ನಿಲ್ಲಿಸಿ. ಹಳಿಯ ಮೇಲೆ ಬಿದ್ದವರ ಬಳಿಗೆ ಪ್ಲಾಟ್‌ಫಾರ್ಮಿನಿಂದ ಜಿಗಿಯುವವರು ಒಂದೇ ದಿಕ್ಕು ನೋಡುತ್ತಾರೆ. ರೈಲು ಪಕ್ಕದ ಹಳಿಯಲ್ಲೂ ಬರುತ್ತದೆ. ರೈಲ್ವೆ ಪೊಲೀಸರಿಗೆ ಕೂಗಿ ಹೇಳಿ, 139ಕ್ಕೆ ಕರೆ ಮಾಡಿ.

ಹಂತ 2: ಹತ್ತು ಸೆಕೆಂಡಿನ ಪರೀಕ್ಷೆ

ಎರಡೂ ಭುಜ ತಟ್ಟಿ ಗಟ್ಟಿಯಾಗಿ ಕೂಗಿ. ಉತ್ತರವಿಲ್ಲದಿದ್ದರೆ ಎದೆ ಮತ್ತು ಹೊಟ್ಟೆ ಏರಿಳಿಯುತ್ತಿದೆಯೇ ಎಂದು ನೋಡಿ; ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ತರಬೇತಿಯಿಲ್ಲದವರು ನಾಡಿ ನೋಡುವುದು ವ್ಯರ್ಥ, ಏಕೆಂದರೆ ಗಾಬರಿಯಲ್ಲಿ ತಮ್ಮದೇ ಬೆರಳಿನ ಬಡಿತವನ್ನು ಅವರದೆಂದು ಭ್ರಮಿಸುತ್ತಾರೆ.

ಮೋಸಗೊಳಿಸುವ ಲಕ್ಷಣಗಳು ಎರಡು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಮೀನು ದಡದಲ್ಲಿ ಬಾಯಿ ಬಿಡುವಂತೆ, ಗೊರಕೆಯಂತೆ, ಬಿಟ್ಟು ಬಿಟ್ಟು ಏದುಸಿರು ಎಳೆಯುತ್ತಾರೆ; ಅದು ಉಸಿರಾಟವಲ್ಲ. ಇನ್ನು ಕೆಲವರ ಕೈಕಾಲು ಅಲ್ಪಹೊತ್ತು ಅದುರುತ್ತದೆ. ಅದನ್ನು ಅಪಸ್ಮಾರವೆಂದು ತಿಳಿದು ಕೈಗೆ ಬೀಗದ ಕೈ ಹಿಡಿಸುವ, ಮೂಗಿಗೆ ಚಪ್ಪಲಿ ಅಥವಾ ಈರುಳ್ಳಿ ಹಿಡಿಯುವ ಕೆಲಸದಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಪ್ರಜ್ಞೆಯಿಲ್ಲ, ಸಹಜ ಉಸಿರಾಟವೂ ಇಲ್ಲ ಎಂದಾದರೆ ಎದೆ ಒತ್ತಲು ಅಷ್ಟೇ ಸಾಕು. ಹೃದಯ ನಿಲ್ಲದವರಿಗೆ ತಪ್ಪಿ ಸ್ವಲ್ಪ ಹೊತ್ತು ಒತ್ತಿದರೆ ಆಗುವ ಹಾನಿ ಕಡಿಮೆ, ನಿಂತವರಿಗೆ ಒತ್ತದಿದ್ದರೆ ಆಗುವ ಹಾನಿಗೆ ಪರಿಹಾರವಿಲ್ಲ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಹಂತ 3: ಕರೆ

108 ಮಹಾರಾಷ್ಟ್ರದಲ್ಲೂ ಗೋವೆಯಲ್ಲೂ ಆಂಬ್ಯುಲೆನ್ಸ್ ಸಂಖ್ಯೆ. 112 ದೇಶಕ್ಕೆಲ್ಲ ಒಂದೇ. ಫೋನನ್ನು ಸ್ಪೀಕರ್‌ಗೆ ಹಾಕಿ ಬಿದ್ದವರ ತಲೆಯ ಪಕ್ಕ ನೆಲದ ಮೇಲಿಟ್ಟು, ಮಾತಾಡುತ್ತಲೇ ಒತ್ತಲು ತೊಡಗಿ. ಕನ್ನಡಿಗರು ಗಾಬರಿಯಲ್ಲಿ ಮರಾಠಿ ಮರೆಯುವುದನ್ನು ನಾನು ಕಂಡಿದ್ದೇನೆ, ಆದ್ದರಿಂದ ಈ ಒಂದು ವಾಕ್ಯ ಬಾಯಿಪಾಠವಾಗಿರಲಿ: "ಮಾಣೂಸ್ ಬೇಶುದ್ಧ ಆಹೇ, ಶ್ವಾಸ ಘೇತ್ ನಾಹೀ." ಆಮೇಲೆ ಕಟ್ಟಡದ ಹೆಸರಿಗಿಂತ ಮೊದಲು ಎದುರಿನ ಗುರುತು ಹೇಳಿ: ಯಾವ ದೇವಸ್ಥಾನ, ಯಾವ ಶಾಲೆ, ಯಾವ ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ.

"ಯಾರಾದರೂ ಫೋನ್ ಮಾಡಿ" ಎಂದು ಗುಂಪಿಗೆ ಹೇಳಿದರೆ ಯಾರೂ ಮಾಡುವುದಿಲ್ಲ. "ನೀಲಿ ಅಂಗಿ ಹಾಕಿದ ಅಣ್ಣ, ನೀವು 108ಕ್ಕೆ ಮಾಡಿ, ಅಕ್ಕ, ನೀವು ಲಿಫ್ಟ್ ಹಿಡಿದು ನಿಲ್ಲಿ, ವಾಚ್‌ಮನ್, ಗೇಟ್ ತೆರೆದು ಬೈಕುಗಳನ್ನು ಸರಿಸು" ಎಂದು ಒಬ್ಬೊಬ್ಬರಿಗೂ ಬೆರಳು ಮಾಡಿ ಹೇಳಬೇಕು.

ಹಂತ 4: ಎದೆ ಒತ್ತುವುದು

ಮೊದಲು ಗಟ್ಟಿ ನೆಲ. ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆ ಕುಗ್ಗುತ್ತದೆಯೇ ಹೊರತು ಎದೆ ಕುಗ್ಗುವುದಿಲ್ಲ. ಚಾದರದ ಸಮೇತ ನೆಲಕ್ಕಿಳಿಸಿ. ಚಿಕ್ಕ ಖೋಲಿಯಲ್ಲಿ ಮಂಚ ಮತ್ತು ಕಪಾಟಿನ ನಡುವೆ ಬಿದ್ದವರನ್ನು ಕಾಲು ಹಿಡಿದು ತೆರೆದ ಜಾಗಕ್ಕೆ ಎಳೆಯಲು ಸಂಕೋಚ ಬೇಡ.

ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಹಿಮ್ಮಡಿ ಭಾಗವನ್ನು, ಅದರ ಮೇಲೆ ಇನ್ನೊಂದನ್ನು ಇಟ್ಟು ಬೆರಳುಗಳನ್ನು ಹೆಣೆದು ಪಕ್ಕೆಲುಬಿನಿಂದ ಮೇಲೆತ್ತಿ. ಮೊಣಕೈ ನೇರ, ಭುಜ ಕೈಗಳ ಮೇಲಕ್ಕೆ ನೆಟ್ಟಗೆ. ಬಲ ಬರಬೇಕಾದದ್ದು ತೋಳಿನಿಂದಲ್ಲ, ಸೊಂಟದಿಂದ ಮುಂಬಾಗುವ ಮೈಭಾರದಿಂದ. ವಯಸ್ಕರಲ್ಲಿ ಎದೆ ಕನಿಷ್ಠ 5 ಸೆಂಟಿಮೀಟರ್ ಇಳಿಯಬೇಕು, 6 ಸೆಂಟಿಮೀಟರ್ ಮೀರಬಾರದು. ತರಬೇತಿಯಲ್ಲಿ ಅತಿ ಆಳವಾಗಿ ಒತ್ತಿದವರನ್ನು ನಾನು ಕಂಡದ್ದು ವಿರಳ. ನೋವಾದೀತೆಂದು ಗೊಂಬೆಯ ಎದೆಯನ್ನು ಸವರಿದಂತೆ ಒತ್ತುವವರೇ ಹೆಚ್ಚು. ಪಕ್ಕೆಲುಬು ಮುರಿದ ಸದ್ದು ಕೇಳಬಹುದು. ಅದು ಸಾಮಾನ್ಯ, ಕೈಯ ಜಾಗ ಸರಿಯಿದೆಯೇ ಎಂದು ನೋಡಿಕೊಂಡು ಮುಂದುವರಿಸಿ.

ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಬೇಕು, ಏಕೆಂದರೆ ಹೃದಯಕ್ಕೆ ರಕ್ತ ತುಂಬುವುದು ಆಗ. ದಣಿದವರು ತಿಳಿಯದೆಯೇ ಎದೆಯ ಮೇಲೆ ಒರಗಿಬಿಡುತ್ತಾರೆ; ಇದು ಹೊರಗಿನವರ ಕಣ್ಣಿಗೆ ಕಾಣದ ತಪ್ಪು, ಆದ್ದರಿಂದ ಹೆಚ್ಚು ಕೆಟ್ಟದ್ದು.

ವೇಗ ನಿಮಿಷಕ್ಕೆ 100ರಿಂದ 120. ಇಲ್ಲಿ ಎಣಿಕೆಯ ಭಾಷೆಯೂ ತೊಡಕು ಮಾಡುತ್ತದೆ. "ಒಂದು, ಎರಡು, ಮೂರು" ಎನ್ನುವವರೆಗೆ ಸರಿಯಾಗಿರುವ ಲಯ "ಇಪ್ಪತ್ತನಾಲ್ಕು, ಇಪ್ಪತ್ತೈದು" ಎನ್ನುವಾಗ ಪದದ ಉದ್ದಕ್ಕೆ ತಕ್ಕಂತೆ ನಿಧಾನವಾಗುತ್ತದೆ. ಆದಕಾರಣ ಹತ್ತರವರೆಗೆ ಮೂರು ಸಲ ಎಣಿಸಿ. ಮೂವತ್ತು ಒತ್ತು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು.

ಒತ್ತುವವರ ದಣಿವು ಅವರಿಗೆ ಅರಿವಾಗುವ ಮೊದಲೇ ಆಳ ಕಡಿಮೆಯಾಗುತ್ತದೆ. ಹೀಗಾಗಿ "ನನಗೇನೂ ಆಗಿಲ್ಲ" ಎಂದರೂ ಎರಡು ನಿಮಿಷಕ್ಕೊಮ್ಮೆ ಬದಲಾಯಿಸಿ. ಮುಂದಿನವರು ಎದುರು ಬದಿಯಲ್ಲಿ ಮಂಡಿಯೂರಿ ಮೊದಲೇ ಸಿದ್ಧರಿದ್ದರೆ ಬದಲಾವಣೆಗೆ ಐದು ಸೆಕೆಂಡೂ ಬೇಡ. ಬೆನ್ನುನೋವು, ಹೃದಯದ ಕಾಯಿಲೆ ಇರುವವರು ಒತ್ತುವ ಸರದಿಗೆ ಬಾರದೆ ಎಣಿಕೆ ಮತ್ತು ಫೋನಿನ ಹೊಣೆ ಹೊರುವುದು ಲೇಸು.

ಬಿದ್ದವರು ಮಹಿಳೆಯಾದರೆ ಸುತ್ತಲಿನ ಗಂಡಸರು ಹಿಂಜರಿಯುತ್ತಾರೆ, ಆ ಹಿಂಜರಿಕೆಯಲ್ಲಿ ಜೀವ ಹೋಗುತ್ತದೆ. ಕೈ ಇಡುವುದು ಎದೆಯ ನಡುವಿನ ಮೂಳೆಯ ಮೇಲೆ. ಬಟ್ಟೆಯ ಮೇಲಿಂದಲೂ ಒತ್ತಬಹುದು. ನಾಲ್ಕು ಮಹಿಳೆಯರು ಸೀರೆಯೋ ಚಾದರವೋ ಹಿಡಿದು ಮರೆಮಾಡಿದರೆ ಸಾಕು. ತುಂಬು ಗರ್ಭಿಣಿಯಾಗಿದ್ದರೆ ಇನ್ನೊಬ್ಬರು ಹೊಟ್ಟೆಯನ್ನು ಆಕೆಯ ಎಡಬದಿಗೆ ಸರಿಸಿ ಹಿಡಿಯಬೇಕು.

ಒಂದು ವರ್ಷ ದಾಟಿದ ಮಕ್ಕಳಿಗೆ ಒಂದು ಅಥವಾ ಎರಡು ಕೈಯಿಂದ ಸುಮಾರು 5 ಸೆಂಟಿಮೀಟರ್, ಹಸುಗೂಸಿಗೆ ಎರಡು ಹೆಬ್ಬೆರಳಿನಿಂದ ಅಥವಾ ಒಂದು ಅಂಗೈಯ ಹಿಮ್ಮಡಿಯಿಂದ ಸುಮಾರು 4 ಸೆಂಟಿಮೀಟರ್ ಒತ್ತಬೇಕು.

ಹಂತ 5: ಉಸಿರು ಕೊಡುವುದು, ಕೊಡದಿರುವುದು

ಎದುರಿಗೇ ಕುಸಿದ ವಯಸ್ಕರಿಗೆ ತರಬೇತಿಯಿಲ್ಲದವರು ಬರೀ ಎದೆ ಒತ್ತಿದರೂ ಸಾಕು. ಕಲಿತವರು 30 ಒತ್ತಿಗೆ 2 ಉಸಿರು ಕೊಡಬಹುದು: ಹಣೆ ಹಿಂದಕ್ಕೆ, ಗಲ್ಲ ಮೇಲಕ್ಕೆ, ಮೂಗು ಮುಚ್ಚಿ, ಎದೆ ಏಳುವಷ್ಟು ಮಾತ್ರ ಒಂದೊಂದು ಸೆಕೆಂಡು ಊದುವುದು. ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಎರಡು ಉಸಿರಿಗಾಗಿ ಒತ್ತುವುದನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ.

ನೀರಿನಿಂದ ಎತ್ತಿದವರ ಕ್ರಮ ಬೇರೆ. ಅವರ ಹೃದಯ ನಿಂತದ್ದು ಉಸಿರು ಸಿಗದೆ, ಆದ್ದರಿಂದ ಮೊದಲು ಎರಡು ಉಸಿರು, ಆಮೇಲೆ ಒತ್ತು. ಮಕ್ಕಳಿಗೂ ಉಸಿರು ಮುಖ್ಯ. ಹೊಟ್ಟೆ ಅಮುಕಿ ನೀರು ತೆಗೆಯುವುದು, ತಲೆಕೆಳಗಾಗಿ ಎತ್ತಿ ತಿರುಗಿಸುವುದು ಎರಡೂ ತಪ್ಪು.

ಸೋಂಕಿನ ಭಯ ಸಹಜ. ಬಾಯಿಂದ ಬಾಯಿಗೆ ಉಸಿರು ಕೊಟ್ಟು ಎಚ್‌ಐವಿ ತಗುಲಿದ ದಾಖಲಿತ ಉದಾಹರಣೆ ಇಲ್ಲ, ಇತರ ಸೋಂಕಿನ ಸಾಧ್ಯತೆಯೂ ತೀರ ಕಡಿಮೆ. ಆದರೂ ರಕ್ತ, ವಾಂತಿ ಅಥವಾ ವಿಷ ಕಂಡರೆ, ಮಾಸ್ಕ್ ಇಲ್ಲದಿದ್ದರೆ, ಉಸಿರು ಕೊಡದಿರುವುದು ತಪ್ಪಲ್ಲ. ಅವರ ಮೂಗು ಬಾಯಿಯ ಮೇಲೆ ತೆಳುವಾದ ಬಟ್ಟೆ ಹಾಕಿ ಎದೆ ಒತ್ತಿ.

ಹಂತ 6: ಎಇಡಿ ಯಂತ್ರ

ವಿಮಾನ ನಿಲ್ದಾಣ, ದೊಡ್ಡ ಮಾಲ್, ದೊಡ್ಡ ಕಚೇರಿಗಳಲ್ಲಿ ಇದು ಸಿಗಬಹುದು; ತರಲು ಒಬ್ಬರನ್ನು ಓಡಿಸಿ, ನೀವು ಒತ್ತುವುದನ್ನು ನಿಲ್ಲಿಸಬೇಡಿ. ಬಂದೊಡನೆ ಯಂತ್ರವನ್ನು ಆನ್ ಮಾಡಿದರೆ ಅದೇ ಮಾತಾಡಿ ದಾರಿ ತೋರಿಸುತ್ತದೆ. ಎದೆ ಒರೆಸಿ ಒಣಗಿಸಿ, ದಟ್ಟ ಕೂದಲಿದ್ದರೆ ರೇಜರಿನಿಂದ ತೆಗೆದು, ಒಂದು ಪ್ಯಾಡನ್ನು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಎಡ ಕಂಕುಳಿನ ಕೆಳಗೆ ಅಂಟಿಸಿ. ಮಾಂಗಲ್ಯದ ಸರ ಪ್ಯಾಡಿಗೆ ತಾಗದಂತೆ ಪಕ್ಕಕ್ಕೆ ಸರಿಸಿದರೆ ಸಾಕು, ಬಿಚ್ಚಲು ಹೊತ್ತು ಕಳೆಯಬೇಡಿ. ಯಂತ್ರ ಆಘಾತ ಕೊಡುವಾಗ ಯಾರೂ ಮುಟ್ಟಿರಬಾರದು. ಕೈಹಿಡಿದು ಅಳುತ್ತ ಕುಳಿತ ಬಂಧುಗಳನ್ನು ನೀವೇ ದೂರ ಸರಿಸಬೇಕಾಗುತ್ತದೆ. ಆಘಾತವಾದ ಕ್ಷಣವೇ ಮತ್ತೆ ಒತ್ತು.

ಹಂತ 7: ಎಲ್ಲಿಯವರೆಗೆ, ಆಮೇಲೇನು

ಅವರು ಸಹಜವಾಗಿ ಉಸಿರಾಡತೊಡಗಿದರೆ, ಆಂಬ್ಯುಲೆನ್ಸ್ ಸಿಬ್ಬಂದಿ ವಹಿಸಿಕೊಂಡರೆ, ಜಾಗ ಅಪಾಯಕಾರಿಯಾದರೆ, ಅಥವಾ ನಿಮ್ಮ ಶಕ್ತಿ ಪೂರ್ತಿ ಮುಗಿದರೆ ನಿಲ್ಲಿಸಬಹುದು. ಉಸಿರು ಮರಳಿದವರನ್ನು ಒಂದು ಮಗ್ಗುಲಿಗೆ ಹೊರಳಿಸಿ ಕಣ್ಣಿಟ್ಟಿರಿ. ಮತ್ತೆ ನಿಲ್ಲುವ ಸಂಭವವಿರುತ್ತದೆ. ಬಿದ್ದ ಸಮಯ, ಒತ್ತಲು ತೊಡಗಿದ ಸಮಯ, ಎಷ್ಟು ಸಲ ಆಘಾತ ಕೊಟ್ಟಿರಿ ಎಂಬುದನ್ನು ಸಿಬ್ಬಂದಿಗೆ ಹೇಳಿ.

ಪೊಲೀಸು, ಕೋರ್ಟು ಎಂದು ಹೆದರಿ ಹಿಂದೆ ಸರಿಯುವವರಿಗೆ: ರಸ್ತೆ ಅಪಘಾತದಲ್ಲಿ ನೆರವಾದವರ ರಕ್ಷಣೆಯ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಬಲ ಕೊಟ್ಟಿತು, 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮನ್ನು ಸೇರಿಸಿತು. ರಸ್ತೆಯಾಚೆಗಿನ ಸಂದರ್ಭದಲ್ಲಿ, ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿರುವವರ ಹಿತಕ್ಕಾಗಿ ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮು ರಕ್ಷಣೆ ಕೊಡುತ್ತದೆ.

ಕೈಗಳನ್ನು ಸೋಪಿನಿಂದ ತೊಳೆಯಿರಿ. ರಕ್ತ ನಿಮ್ಮ ಕಣ್ಣಿಗೆ, ಬಾಯಿಗೆ ಅಥವಾ ಗಾಯಕ್ಕೆ ತಾಗಿದ್ದರೆ ನೀರಿನಿಂದ ಚೆನ್ನಾಗಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಬೇಕು. ವಿಷ ತಾಗಿದ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಂದಿಗೆ ಒಗೆಯಬೇಡಿ. ಅನಿಲವಿದ್ದ ಜಾಗಕ್ಕೆ ಹೋಗಿ ಬಂದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಅವರೂ ರೋಗಿಯೇ. ಅದೇ ಆಂಬ್ಯುಲೆನ್ಸಿನವರಿಗೆ ತೋರಿಸಿ.

ಎಲ್ಲ ಸರಿಯಾಗಿ ಮಾಡಿದರೂ ಬಹಳ ಜನ ಬದುಕುವುದಿಲ್ಲ ಎಂಬುದನ್ನು ನನ್ನ ತರಗತಿಯಲ್ಲಿ ಮೊದಲೇ ಹೇಳುತ್ತೇನೆ, ಏಕೆಂದರೆ ಹೇಳದಿದ್ದರೆ ಒತ್ತಿದವರು ಆ ಸಾವನ್ನು ತಮ್ಮ ಕೈಯ ತಪ್ಪೆಂದು ಹೊತ್ತು ತಿರುಗುತ್ತಾರೆ. ನಿದ್ದೆ ಬಾರದಿರುವುದು, ಆ ದೃಶ್ಯ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಕೆಲವು ದಿನ ಇರಬಹುದು. ಎರಡು ಮೂರು ವಾರ ಕಳೆದರೂ ಬಿಡದಿದ್ದರೆ ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.